ಆರನೇ ಬಿಲ್ಲೆ

ಮನೆಯಲ್ಲಿ ಅವರು ನನ್ನ ಮಾವ, ಗಂಡನ ಅಪ್ಪ; ನಾವು ಕೆಲಸ ಮಾಡುವ ರೈಲು ಸುರಂಗದೊಳಗೆ ವೆಲ್ಡರ್. ಅವರು ಬೆಸೆದದ್ದನ್ನು ಮೀಟರ್ ಹಿಡಿದು ಅಳೆದು ಪಾಸು ಮಾಡುವವಳು ನಾನು. ಸಾರಿಗೆ ಉಪ್ಪು ಮರೆತರೂ ತುಟಿ ಪಿಟಕ್ಕೆನ್ನದ ಮನುಷ್ಯ, ನಾನು ಬೆಸುಗೆ ನೋಡುವಾಗ ಮಾತ್ರ ಬೆನ್ನ ಹಿಂದೆ ನಿಂತು ಕೆಮ್ಮುತ್ತಿರುತ್ತಾರೆ.

ರೈಲಿನ ಮೇಲಿನ ಕರೆಂಟ್ ತಂತಿ ಎಂದಾದರೂ ಹರಿದು ಗೋಡೆಗೆ ತಗುಲಿದರೆ, ಆ ಕರೆಂಟ್ ಯಾರ ಮೈಗೂ ಹರಿಯದೆ ನೆಲ ಸೇರಬೇಕು. ಅದಕ್ಕೆಂದೇ ಗೋಡೆಯೊಳಗಿನ ಕೆಲವು ಸರಳುಗಳಿಗೆ ಹಳದಿ ಬಳಿದು, ಒಂದಕ್ಕೊಂದು ಬೆಸೆದು, ತುದಿಗೆ ಅರ್ಥಿಂಗ್ ಬಿಲ್ಲೆ ಕೂರಿಸುತ್ತಾರೆ. ಉಳಿದ ಸರಳುಗಳನ್ನು ಬರೀ ತಂತಿಯಲ್ಲಿ ಕಟ್ಟಿರುತ್ತಾರೆ. ಕಾಂಕ್ರೀಟ್ ಬಿದ್ದ ಮೇಲೆ ಹೊರಗೆ ಕಾಣುವುದು ಬಿಲ್ಲೆಯ ಮುಖವೊಂದೇ. ಒಳಗಿನ ತಪ್ಪು ಒಳಗೇ ಉಳಿಯುತ್ತದೆ.

ಅವತ್ತು ಹನ್ನೊಂದಕ್ಕೆಲ್ಲ ಕಾಂಕ್ರೀಟ್ ಲಾರಿ ಬಂದು ನಿಂತಿತ್ತು. ಆರನೇ ಬಿಲ್ಲೆಗೆ ಮೀಟರ್ ಇಟ್ಟರೆ ಅಂಕಿ ಸೊನ್ನೆಯ ಹತ್ತಿರ ನಿಲ್ಲುವ ಬದಲು ಏರಿ ಕೂತಿತು. ಬಗ್ಗಿ ನೋಡಿದೆ. ಬೆಸುಗೆಯೇನೋ ಅಚ್ಚುಕಟ್ಟಾಗಿತ್ತು, ಆದರೆ ಹಳದಿ ಸರಳು ಬಿಟ್ಟು ಪಕ್ಕದ್ದಕ್ಕೆ!

ನನಗೆ ಮೈಯೆಲ್ಲ ಉರಿಯಿತು. "ಏನ್ ಮಾವ ಇದು? ಹಳದಿ ಎಲ್ಲಿ, ನೀವೆಲ್ಲಿ?"

ಅವರು ಬಗ್ಗಿದರು. ಇನ್ನೂ ಬಗ್ಗಿದರು, ಮೂಗು ಸರಳಿಗೆ ತಗುಲುವವರೆಗೂ. ನನ್ನ ಸಿಟ್ಟು ಜರ್ರನೆ ಇಳಿಯಿತು. ಅವರಿಗೆ ಹಳದಿ ಕಾಣುತ್ತಿರಲಿಲ್ಲ.

ಲಾರಿಯವನು ಹಾರನ್ ಹೊಡೆದ. ಫೇಲ್ ಎಂದು ಬರೆದರೆ ಕಾರಣವನ್ನೂ ಬರೆಯಬೇಕು. ಕಾರಣ ಬರೆದರೆ, ಮೂವತ್ತು ವರ್ಷ ಹಿಡಿದ ಕೆಲಸ ಅವತ್ತೇ ಅವರ ಕೈಬಿಡುತ್ತದೆ.

"ಯಾವಾಗಿಂದ ಮಾವ?"

"ಎರಡು ತಿಂಗಳಾಯ್ತು ಕಣಮ್ಮ. ಎಲ್ಲಾ ಮಂಜು ಮಂಜು. ಇಷ್ಟು ದಿನ ಕೈ ಅಂದಾಜಲ್ಲೇ ಸರಿಹೋಗ್ತಿತ್ತು."

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ನನ್ನ ಹಿಂದೆ ನೀನು ಅಳೀತೀಯಲ್ಲ. ನಿಂಗೆ ಮುಖದಾಕ್ಷಿಣ್ಯ ಅನ್ನೋದೇ ಇಲ್ಲ. ಆ ಧೈರ್ಯದ ಮೇಲೆ ನಡೆಸಿಬಿಟ್ಟೆ."

ಹೊಗಳಿದರೋ ಬೈದರೋ ತಿಳಿಯಲಿಲ್ಲ. ಈ ಮುದುಕರ ಮೇಲೆ ನನಗೆಷ್ಟು ಪ್ರೀತಿ ಎಂದು ಗೊತ್ತಾದದ್ದು ಆಗಲೇ. ಅವರ ಹೆಸರಿನ ಮುಂದೆ ಫೇಲ್ ಎಂದು ಬರೆದೆ. ಕೆಳಗೆ, ವೆಲ್ಡರ್‌ಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದೂ ಬರೆದೆ.

ಸಹಿಗೆಂದು ಹಾಳೆ ಕೊಟ್ಟೆ. ದೂರ ಹಿಡಿದರು, ಹತ್ತಿರ ತಂದರು, ಕೊನೆಗೆ ನನಗೇ ವಾಪಸು ಕೊಟ್ಟರು.

"ಓದಮ್ಮ."

ಓದಿದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ.

"ಏನೂ ಬಿಟ್ಟಿಲ್ಲ ತಾನೇ?"

"ಇಲ್ಲ ಮಾವ."

"ಹಂಗಾದ್ರೆ ಸರಿ. ಎಲ್ಲಿ ಹಾಕ್ಬೇಕು, ಬೆರಳಿಟ್ಟು ತೋರ್ಸು."

ತೋರಿಸಿದೆ. ನನ್ನ ಬೆರಳನ್ನು ತಡವಿ ಹುಡುಕಿ, ಅದರ ಪಕ್ಕದಲ್ಲೇ ನೆಟ್ಟಗೆ ಸಹಿ ಹಾಕಿದರು.