ಯಾರೂ ಇಲ್ಲದ ಕೋಣೆಯ ಫ್ಯಾನುಗಳು

ನಮ್ಮ ಸ್ಕ್ಯಾನಿಂಗ್ ಕೇಂದ್ರದ ಪ್ರಾಣ ಮೂರನೇ ಮಹಡಿಯಲ್ಲಿತ್ತು. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಎಲ್ಲೋ ದೂರದ ಗಿಳಿಯೊಳಗೆ ಇರುತ್ತಿತ್ತಲ್ಲ, ಹಾಗೆ. ಮೆಟ್ಟಿಲು ಮುಗಿಯುವಲ್ಲಿ ಬಟ್ಟೆಯ ಬೀರುವಿಗಿಂತ ತುಸುವೇ ದೊಡ್ಡದಾದ, ಕಿಟಕಿಯಿಲ್ಲದ ಒಂದು ಕೋಣೆ. ಒಳಗೆ ಕಬ್ಬಿಣದ ಚೌಕಟ್ಟಿನಲ್ಲಿ ಮಿಣಮಿಣ ಮಿನುಗುವ ಪೆಟ್ಟಿಗೆಗಳು. ಕೆಳಗೆ ತೆಗೆದ ಎಲುಬು, ಶ್ವಾಸಕೋಶ, ಹುಟ್ಟಲಿರುವ ಕೂಸುಗಳ ಚಿತ್ರಗಳೆಲ್ಲ ಹೋಗಿ ಕೂರುತ್ತಿದ್ದುದು ಅಲ್ಲಿ. ಆ ಪೆಟ್ಟಿಗೆಗಳು ಬಿಸಿಯಾಗದಂತೆ ಗೋಡೆಯಲ್ಲಿ ಎರಡು ಫ್ಯಾನುಗಳು. ಆ ಫ್ಯಾನುಗಳನ್ನು ನೋಡಿಕೊಳ್ಳಲು ನನ್ನ ಸೋದರಮಾವ.

ಮಾವ ಅಲ್ಲಿಯ ಎಲೆಕ್ಟ್ರಿಷಿಯನ್. ಎಲ್ಲರ ಬಾಯಲ್ಲೂ ಫ್ಯೂಸಣ್ಣ. ನನಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಕೊಡಿಸಿದವನೂ ಅವನೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇಲೆ ಹತ್ತಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಪೆಟ್ಟಿಗೆಗಳನ್ನು ಮುಟ್ಟಿ, ಫ್ಯಾನನ್ನು ಏರಿಸಿಯೋ ಇಳಿಸಿಯೋ ಬರುತ್ತಿದ್ದ. ಭಾನುವಾರವೂ ಬಿಡುತ್ತಿರಲಿಲ್ಲ. “ರಜೆ ನಮಗೆ ಕಣೇ ಕಥೆಪುಟ್ಟಿ, ಅವಕ್ಕೆಲ್ಲಿದೆ?” ಎನ್ನುತ್ತಿದ್ದ. ಅಜ್ಜಿಯ ಕಥೆಗಳ ಹುಚ್ಚಿದ್ದ ನನಗೆ ಅವನಿಟ್ಟ ಹೆಸರು ಅದು.

ಆ ವರ್ಷ ಅವನ ಮಂಡಿ ಊದಿಕೊಂಡಿತು. ಪ್ರತಿ ಮಹಡಿಯಲ್ಲೂ ಗೋಡೆ ಹಿಡಿದು ನಿಲ್ಲುವುದನ್ನು ನೋಡಲಾರದೆ ನಾನು ಒಂದು ಸ್ಮಾರ್ಟ್ ಥರ್ಮೋಸ್ಟಾಟ್ ತರಿಸಿದೆ. ಮನೆಗಳ ಗೋಡೆಗೆ ಹಾಕುವಂಥದು. ತಟ್ಟೆಯ ಹಾಗೆ ದುಂಡಗೆ, ನಡುವೆ ಹೊಳೆಯುವ ಅಂಕಿ. ಶಾಖ ಇಪ್ಪತ್ತೆಂಟು ದಾಟಿದರೆ ತಾನೇ ಫ್ಯಾನ್ ಓಡಿಸುತ್ತದೆ, ಇಳಿದರೆ ನಿಲ್ಲಿಸುತ್ತದೆ, ಎಲ್ಲವನ್ನೂ ನನ್ನ ಫೋನಿಗೆ ಹೇಳುತ್ತದೆ.

“ಮಿಷಿನ್ ನೋಡ್ಕೊಳ್ಳೋಕೆ ಇನ್ನೊಂದು ಮಿಷಿನ್ನಾ? ಅದನ್ನ ನೋಡ್ಕೊಳ್ಳೋಕೆ ಯಾರು?”

“ನಾನಿದೀನಲ್ಲ ಮಾವ.”

“ಆಯ್ತು, ಮುಳುಗಿದಂಗೇ!”

ಹಾಗೆ ನಕ್ಕರೂ ವೈರಿಂಗ್ ಮಾಡಿದ್ದು ಅವನೇ. ಥರ್ಮೋಸ್ಟಾಟಿನ ಎಳೆಯಂಥ ವೈರು ಫ್ಯಾನಿನ ಭಾರ ಹೊರುವುದಿಲ್ಲವೆಂದು ನಡುವೆ ರಿಲೇ ಎಂಬ ಭಾರ ಹೊರುವ ಸ್ವಿಚ್ಚೊಂದನ್ನು ಕೂರಿಸಿದ. ಒಂದೊಂದು ಸ್ಕ್ರೂ ಬಿಗಿಮಾಡಿದ ಮೇಲೂ ವೈರು ಎಳೆದೆಳೆದು ನೋಡಿದ.

ಮೂರು ವಾರ ಅದು ಚಿನ್ನದಂತೆ ಕೆಲಸ ಮಾಡಿತು. ಮಾವ ಮಾತ್ರ ನಂಬದೆ ದಿನಕ್ಕೆರಡು ಸಲ ಹತ್ತುತ್ತಲೇ ಇದ್ದ. ಒಂದು ಶುಕ್ರವಾರ ಎರಡನೇ ಮಹಡಿಯಲ್ಲಿ ಅವನು ಕುಸಿದು ಕೂತಾಗ ನನಗೆ ರೇಗಿತು. ಅವನ ಗೊಂಚಲಿನಿಂದ ಆ ಕೋಣೆಯ ಬೀಗದ ಕೈ ಕಿತ್ತುಕೊಂಡೆ.

“ಇನ್ನು ಹತ್ತಿದ್ರೆ ಅತ್ತೆಗೆ ಹೇಳ್ತೀನಿ.”

“ಅಯ್ಯೋ, ಬೇರೆ ಏನು ಬೇಕಾದ್ರೂ ಮಾಡು, ಅದೊಂದು ಬೇಡ ಮಾರಾಯ್ತಿ,” ಎಂದು ಕೈಮುಗಿದ.

ಮರುದಿನ ಸಂಜೆ ಫೋನಿನಲ್ಲಿ ಹಸಿರು ಚುಕ್ಕೆಯೊಂದು ಮೂಡಿತು. “ಯಾರೂ ಇಲ್ಲದಂತಿದೆ. ಉಳಿತಾಯ ಆರಂಭಿಸಿದ್ದೇನೆ.” ಹಸಿರು ಎಂದರೆ ಕ್ಷೇಮ ಎಂದುಕೊಂಡೆ. ಎಷ್ಟು ಜಾಣ ಪ್ರಾಣಿ ಎಂದು ಮುದ್ದೂ ಬಂತು. ಫೋನು ಮಗುಚಿಟ್ಟು ಮಲಗಿದೆ. ಭಾನುವಾರ ಅದರ ಸಂದೇಶಗಳನ್ನು ತೆರೆದು ನೋಡಲೇ ಇಲ್ಲ.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಕೋಣೆಯ ಬಾಗಿಲು ತೆರೆದರೆ ಒಲೆಯ ಮುಂದೆ ನಿಂತಂತೆ ಮುಖಕ್ಕೆ ಝಳ. ಫ್ಯಾನುಗಳು ಸುಮ್ಮನೆ ನಿಂತಿದ್ದವು. ಚಿತ್ರಗಳ ಪೆಟ್ಟಿಗೆ ಸತ್ತಿತ್ತು. ಆ ಚಿತ್ರಗಳ ನಕಲು ಇಟ್ಟ ಪೆಟ್ಟಿಗೆಯೂ ಅದರ ಪಕ್ಕದಲ್ಲೇ ಸತ್ತಿತ್ತು. ಎರಡು ವರ್ಷದ ಚಿತ್ರಗಳು ಹೋದವು.

ಅಲ್ಲೇ ನಿಂತು ಫೋನಿನ ಸಣ್ಣ ಅಕ್ಷರಗಳನ್ನು ಓದಿದೆ. ಥರ್ಮೋಸ್ಟಾಟಿನ ಮುಖದಲ್ಲಿ ಮನುಷ್ಯರ ಓಡಾಟ ಗುರುತಿಸುವ ಕಣ್ಣೊಂದಿತ್ತಂತೆ. ಒಂದು ದಿನವಿಡೀ ಮನುಷ್ಯರು ಕಾಣದಿದ್ದರೆ ಮನೆಯವರು ಊರಿಗೆ ಹೋಗಿದ್ದಾರೆಂದು ತಿಳಿದು, ತಂಪು ಯಾರಿಗೆ ಬೇಕೆಂದು ಫ್ಯಾನ್ ನಿಲ್ಲಿಸುತ್ತದಂತೆ. ಕಥೆ ಕೇಳುವವರು ಹೂಂಗುಟ್ಟದಿದ್ದರೆ ಅಜ್ಜಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದಳು. ಮೂರು ವಾರ ಇದಕ್ಕೆ ಹೂಂಗುಟ್ಟಿದ್ದು ಮಾವ, ತನಗೇ ಗೊತ್ತಿಲ್ಲದೆ. ಅವನನ್ನು ತಡೆದದ್ದು ನಾನು.

ಕೇಂದ್ರದ ಒಡತಿ ಡಾಕ್ಟರಮ್ಮ ಇಬ್ಬರನ್ನೂ ಕರೆಸಿದರು. “ಏನಾಯ್ತು?” ಎಂದಷ್ಟೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ, “ರಿಲೇ ಕೂರಿಸಿದ್ದು ನಾನು ಮೇಡಂ. ವೈರು ಸಡಿಲ ಬಿಟ್ಟಿರಬೇಕು,” ಎಂದ. ನನ್ನನ್ನು ಉಳಿಸಲು ಹೇಳಿದ್ದಲ್ಲ. ನಿಜವಾಗಿಯೂ ಹಾಗೆಂದು ನಂಬಿದ್ದ. ಫೋನು ನನ್ನ ಕೈಯಲ್ಲೇ ಇತ್ತು, ತೋರಿಸಿದ್ದರೆ ಮುಗಿಯುತ್ತಿತ್ತು. ನನ್ನ ಕೆಲಸ ಖಾಯಂ ಆಗಲು ಇನ್ನು ಹನ್ನೊಂದು ದಿನವಿತ್ತು. ನಾನು ನೆಲ ನೋಡುತ್ತ ನಿಂತೆ.

“ಮಂಡಿ ನೋವು ಬೇರೆ ನಿಮಗೆ. ಇನ್ನು ಮನೇಲಿ ಆರಾಮಾಗಿರಿ,” ಎಂದರು ಡಾಕ್ಟರಮ್ಮ, ಮೆತ್ತಗೆ.

ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ನಾಲ್ಕು ತಿಂಗಳು ಕಳೆಯಿತು. ಮಾವನ ಮನೆ ಕಡೆ ತಲೆ ಹಾಕಲಿಲ್ಲ. ಕಡೆಗೆ ಅತ್ತೆಯೇ ಫೋನ್ ಮಾಡಿ ಬೈದಳು. ಹೋದರೆ, ಅಡುಗೆಮನೆಯಲ್ಲಿ ಯಾರೋ ಅಪರಿಚಿತ ಸ್ಟೂಲು ಹತ್ತಿ ಸ್ವಿಚ್ ಬೋರ್ಡ್ ಬಿಚ್ಚುತ್ತಿದ್ದ.

“ನೋಡಮ್ಮ ಚೆಂದ,” ಎಂದಳು ಅತ್ತೆ. “ನಿಮ್ಮ ಮಾವ ಇದಾರೆ, ಆದ್ರೂ ಒಂದು ಸ್ವಿಚ್ಚಿಗೆ ಹೊರಗಿನೋರು ಬರ್ಬೇಕು. ಸ್ಕ್ರೂಡ್ರೈವರ್ ಮುಟ್ಟಲ್ಲ ಅಂತಾರೆ.”

ಮಾವ ಹೊರಗೆ ಬೆಂಚಿನ ಮೇಲಿದ್ದ. “ವಯಸ್ಸಾಯ್ತು ಕಣೇ. ಕೈ ಸುಳ್ಳು ಹೇಳ್ತಿದೆ. ಬಿಗಿ ಅನ್ಸುತ್ತೆ, ಬಿಗಿ ಇರಲ್ಲ. ಮನೆಗೆ ಬೆಂಕಿ ಬಿದ್ರೆ?”

ಆಗ ಹೇಳಿದೆ. ಹಸಿರು ಚುಕ್ಕೆ, ಅದರ ಕಣ್ಣು, ಹನ್ನೊಂದು ದಿನ, ಎಲ್ಲವನ್ನೂ. ನಾಳೆಯೇ ಡಾಕ್ಟರಮ್ಮನ ಹತ್ತಿರವೂ ಹೋಗಿ ಹೇಳುತ್ತೇನೆ ಎಂದೆ. ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

“ಅಂದ್ರೆ ನನ್ನ ವೈರು ಸಡಿಲ ಇರ್ಲಿಲ್ಲ?”

“ಇರ್ಲಿಲ್ಲ ಮಾವ. ನಾನೇ ಎಳೆದು ನೋಡ್ದೆ. ಕಲ್ಲಿನ ಹಾಗಿತ್ತು.”

ತನ್ನ ಅಂಗೈ ತಿರುಗಿಸಿ ನೋಡಿಕೊಂಡ. “ನಾಲ್ಕು ತಿಂಗಳು ನಿದ್ದೇಲೂ ಆ ಸ್ಕ್ರೂ ತಿರುಗಿಸ್ತಾ ಇದ್ದೆ ಕಣೇ. ಕೆಲಸ ಹೋಗ್ಲಿ, ಮಂಡಿಗೂ ಒಳ್ಳೇದೇ ಆಯ್ತು. ಇದೊಂದನ್ನ ಹೇಳಬಹುದಿತ್ತು ನೀನು.” ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಳಗಿನಿಂದ ಆ ಮನುಷ್ಯ ಕೂಗಿದ. “ಯಜಮಾನ್ರೇ, ಸ್ವಲ್ಪ ಈ ವೈರು ಹಿಡ್ಕೋತೀರಾ? ಮೇನ್ ಆಫ್ ಮಾಡಿದೀನಿ.”

ಮಾವ ಎದ್ದ. ಕುಂಟುತ್ತ ಅಡುಗೆಮನೆಯ ಬಾಗಿಲವರೆಗೆ ಹೋದ. ವೈರನ್ನು ನೋಡಿದ, ಕೈ ಮುಂದೆ ಬಂತು. ಅರ್ಧದಲ್ಲೇ ಹಿಂದೆಗೆದುಕೊಂಡು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಬೇಡಪ್ಪ,” ಎಂದ. “ನೀನೇ ನೋಡ್ಕೋ.”