ಏಳನೆಯ ಸೂಜಿ

ಡಬ್ಬಿಯಲ್ಲಿ ಆರೇ ಸೂಜಿ ಇದ್ದವು. ಕಿರಿಸೊಸೆ ಇನ್ನೊಮ್ಮೆ ಎಣಿಸಿದಳು. ಮೂರನೆಯ ಸಲ ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು. ಎಣಿಸುವಾಗ ಅತ್ತಿತ್ತ ಓಡಿ ಲೆಕ್ಕ ತಪ್ಪಿಸುವುದಕ್ಕೆ ಸೂಜಿಗಳೇನು ಕೋಳಿಮರಿಗಳೇ? ಆರು ಅಂದರೆ ಆರೇ. ಬೆಳಿಗ್ಗೆ ಮನೆಯಲ್ಲಿ ಇದೇ ಡಬ್ಬಿ ತೆರೆದಾಗ ಏಳಿದ್ದವು.

ಅವಳು ಭಾವನ ಮನೆಯ ಅಡುಗೆಮನೆಯಲ್ಲಿ, ತೊಳೆಯಲು ಹಾಕಿದ್ದ ಪಾತ್ರೆಗಳ ಪಕ್ಕ, ದಾರಿಯಲ್ಲಿ ಹೊಲಿಗೆ ಬಿಚ್ಚಿದರೆ ಬೇಕಾದೀತೆಂದು ತಂದಿದ್ದ ಆ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಆಚೆ ಊಟದ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು, ಮಕ್ಕಳ ಗಲಾಟೆ. ವರ್ಷಕ್ಕೊಂದು ಸಲ, ರಜೆಯ ದಿನ, ಮಧ್ಯಾಹ್ನದ ಊಟಕ್ಕೆ ಇಡೀ ಬಳಗ ಇಲ್ಲಿ ಸೇರುತ್ತದೆ. ಈ ಸಲ ಹದಿನಾಲ್ಕು ಜನ. ಅವಳು ಹೊಲಿದು ತಂದ ಇಪ್ಪತ್ತೆಂಟು ದಪ್ಪ ಮೆಣಸಿನಕಾಯಿಗಳು ಆಗಲೇ ಮೇಜಿನ ನಡುವೆ ಕೂತಿದ್ದವು.

ಹೊಲಿದು ಅಂದರೆ ನಿಜವಾಗಿ ಹೊಲಿದೇ. ಈ ಮನೆತನದಲ್ಲಿ ದೊಡ್ಡ ಅಡುಗೆ ಯಾರು ಬೇಕಾದರೂ ಮಾಡಬಹುದು. ನೆಂಚಿಕೊಳ್ಳುವ ಪದಾರ್ಥ ಮಾತ್ರ ಒಂದೊಂದು ಮನೆಗೆ ಒಂದೊಂದು, ಹಕ್ಕುಪತ್ರ ಬರೆದುಕೊಟ್ಟ ಹಾಗೆ. ಭಾವನ ಮನೆಯದು ಹುರುಳಿಕಾಯಿ. ಮಾವನ ತಮ್ಮ ಪಿಸುಮಾವನವರದು ಬೇಯಿಸಿದ ಬೀಟ್‌ರೂಟು. ಅದನ್ನು ಯಾರೂ ತಿನ್ನುವುದಿಲ್ಲ, ಅವರು ತರುವುದನ್ನೂ ಬಿಡುವುದಿಲ್ಲ. ಅತ್ತೆಯದು ಈ ಕಾಯಿ. ಅತ್ತೆ ದರ್ಜಿ. ಕಾಯಿಯ ತಲೆ ಕೊಯ್ದು, ಬೀಜ ತೆಗೆದು, ಹಿಸುಕಿದ ಆಲೂಗಡ್ಡೆ ಬಟಾಣಿ ತುಂಬಿ, ಕೊಯ್ದ ತಲೆಯನ್ನು ಮತ್ತೆ ಟೋಪಿಯ ಹಾಗೆ ಇಟ್ಟು, ಬಿಳಿ ದಾರದಲ್ಲಿ ಸುತ್ತ ಹೊಲಿಗೆ ಹಾಕಿ, ಟೊಮೆಟೊ ರಸದಲ್ಲಿ ಸಣ್ಣ ಉರಿಯಲ್ಲಿ ಬೇಯಿಸುವುದು. ಬೇರೆ ಮನೆಯವರು ಕಾಯಿ ತುಂಬುತ್ತಾರೆ, ನಮ್ಮಮ್ಮ ಕಾಯಿಗೆ ಅಳತೆ ತಗೊಳ್ತಾರೆ ಅಂತ ಭಾವ ಪ್ರತಿ ವರ್ಷ ಹೇಳುತ್ತಾನೆ, ಪ್ರತಿ ವರ್ಷ ತಾನೊಬ್ಬನೇ ನಗುತ್ತಾನೆ.

ಇದಕ್ಕೊಂದು ಕಟ್ಟಳೆಯೂ ಉಂಟು. ಅಡುಗೆಮನೆಯಲ್ಲಿ ಹೊಲಿಗೆ ಬಿಚ್ಚುವ ಹಾಗಿಲ್ಲ, ಚಾಕು ತಾಗಿಸುವ ಹಾಗಿಲ್ಲ. ತಟ್ಟೆಗೆ ಬಂದ ಮೇಲೆ ಅವರವರೇ ಗಂಟು ಹಿಡಿದು ಒಂದೇ ಎಳೆತಕ್ಕೆ ಇಡೀ ದಾರ ಎಳೆಯಬೇಕು. ಯಾರ ದಾರ ನಡುವೆ ತುಂಡಾಗುತ್ತದೋ ಅವರು ಪಾತ್ರೆ ತೊಳೆಯಬೇಕು.

ಈ ವರ್ಷ ಅತ್ತೆಯ ಕೈ ನಡುಗಲು ಶುರುವಾಗಿತ್ತು. ಕಾಯಿ ಇನ್ನು ತನ್ನ ಪಾಲಿಗೆ ಬರುತ್ತದೆ ಅಂತ ಹಿರಿಸೊಸೆ ತಿಂಗಳಿಂದ ಸೂಚನೆ ಕೊಡುತ್ತಿದ್ದಳು. ಅತ್ತೆ ಮಾತ್ರ, "ಈ ಸಲ ಚಿಕ್ಕವಳು ಹೊಲೀತಾಳೆ" ಅಂದುಬಿಟ್ಟರು. ಎಂಟು ವರ್ಷ ಅತ್ತೆಯ ಅಂಗಡಿಯಲ್ಲಿ ಗುಂಡಿ ಹಾಕುತ್ತ, ಅಂಚು ಮಡಿಸುತ್ತ ಕೂತಿದ್ದವಳು ಕಿರಿಸೊಸೆ. ಒಂದು ಕಾಲರ್ ಕೂಡ ಅವಳ ಕೈಗೆ ಕೊಟ್ಟಿರಲಿಲ್ಲ. ಆ ಮಾತು ಕೇಳಿದ ದಿನ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಈಗ ಬೆಳಗಿನದೆಲ್ಲ ಒಂದೊಂದಾಗಿ ನೆನಪಾಯಿತು. ಕಾಯಿಗಳು ತುಂಬಿ ಸಾಲಾಗಿ ಕೂತಿದ್ದವು, ಟೋಪಿ ಇನ್ನೂ ಇಟ್ಟಿರಲಿಲ್ಲ. ಸೂಜಿ ಕೈಯಲ್ಲಿತ್ತು, ದಾರ ಇನ್ನೂ ಪೋಣಿಸಿರಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿತು. ಅಂಗಡಿಯಲ್ಲಿ ಕೆಲಸದ ನಡುವೆ ಏಳಬೇಕಾದರೆ ಸೂಜಿಯನ್ನು ಪಕ್ಕದ ಸೂಜಿಮೆತ್ತೆಗೆ ಚುಚ್ಚಿ ಏಳುವುದು ಅವಳ ಅಭ್ಯಾಸ. ಕೈ ತಾನಾಗಿ ಮಾಡುತ್ತದೆ, ಕಣ್ಣು ನೋಡುವುದೂ ಇಲ್ಲ. ಸೂಜಿಮೆತ್ತೆ ಗುಂಡಗೆ, ಮೆತ್ತಗೆ, ಅಂಗೈ ತುಂಬ ಇರುತ್ತದೆ. ಆಲೂಗಡ್ಡೆ ತುಂಬಿದ ಕಾಯಿಯೂ ಹಾಗೇ ಇರುತ್ತದೆ. ಅವಳು ಎದ್ದು ಓಡಿದಳು, ಒಲೆ ಒರೆಸಿದಳು, ಬಂದು ಕೂತು ಬೇರೆ ಸೂಜಿ ತೆಗೆದುಕೊಂಡಳು. ಆಲೂಗಡ್ಡೆ ಸ್ವಲ್ಪ ಕುಗ್ಗಿದೆ ಅನಿಸಿ, ಎಲ್ಲ ಕಾಯಿಗೂ ಇನ್ನೊಂದು ಚಮಚ ಹಾಕಿ, ಚಮಚದ ಬೆನ್ನಿನಿಂದ ಒತ್ತಿ ಒತ್ತಿ ತುಂಬಿದ್ದಳು. ದರ್ಜಿಯಲ್ಲದ ಯಾವಳೂ ಈ ತಪ್ಪು ಮಾಡುತ್ತಿರಲಿಲ್ಲ.

ಗಂಡ ನೀರಿನ ಜಗ್ಗು ತುಂಬಿಸಲು ಒಳಗೆ ಬಂದ.

"ರೀ, ಒಂದು ಸೂಜಿ ಕಾಣ್ತಿಲ್ಲ."

"ಮನೇಲೇ ಎಲ್ಲೋ ಬಿದ್ದಿರುತ್ತೆ ಬಿಡೇ."

"ಕಾಯಿ ಒಳಗಿದೆ ಅನ್ಸುತ್ತೆ."

ಅವನು ನಕ್ಕ. ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಈಗ ಹೇಳಿದ್ರೆ ಅತ್ತಿಗೆ ಸುಮ್ನಿರ್ತಾರಾ? ಅಮ್ಮ ಮುಖ ಎಲ್ಲಿಟ್ಕೋಬೇಕು? ಎಲ್ರೂ ಅಗಿದೇ ತಿಂತಾರಲ್ಲ, ಹಲ್ಲಿಗೆ ಸಿಕ್ಕೇ ಸಿಗುತ್ತೆ." ಜಗ್ಗು ಹಿಡಿದು ಹೊರಟೇಹೋದ.

ಅಗಿದು ತಿನ್ನದವಳು ಒಬ್ಬಳಿದ್ದಳು. ಹಿರಿಸೊಸೆಯ ಆರು ವರ್ಷದ ಮಗಳು. ಬಾಯಿಗೆ ಹಾಕಿದ್ದನ್ನೆಲ್ಲ ಹಾಗೇ ನುಂಗುತ್ತಾಳೆಂದು ಮನೆಮಂದಿಯೆಲ್ಲ ಅವಳನ್ನು ಗುಳುಂ ಎಂದೇ ಕರೆಯುವುದು. ಆ ಹೆಸರು ನೆನಪಾದದ್ದೇ ತಡ, ಕಿರಿಸೊಸೆ ಡಬ್ಬಿಗೆ ಮತ್ತೆ ಕೈ ಹಾಕಿದಳು.

ನೆಲಕ್ಕೆ ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತ ಅದರ ತಳದಲ್ಲಿತ್ತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮೇಜಿನ ಹತ್ತಿರ ಹೋದಳು. ಬಾಣಲೆಯ ಮೇಲೆ ಬಗ್ಗಿ, ಪರಿಮಳ ನೋಡುವವಳ ಹಾಗೆ ಕೈಯಾಡಿಸಿದಳು. ಮೊದಲ ಸಾಲು ದಾಟುವಷ್ಟರಲ್ಲಿ ಅಯಸ್ಕಾಂತ ಬೆರಳಿನಿಂದ ಜಾರಿ ಟಕ್ ಎಂದು ಕಬ್ಬಿಣದ ಬಾಣಲೆಯ ಅಂಚಿಗೆ ಕಚ್ಚಿಕೊಂಡಿತು. ಕಬ್ಬಿಣದ ಬಾಣಲೆ ಎನ್ನುವುದೂ ಮರೆತುಹೋಗುವಷ್ಟು ತಲೆ ಕೆಟ್ಟಿತ್ತು.

"ಏನೇ ಅದು?" ಅಂದಳು ಹಿರಿಸೊಸೆ, ಹುರುಳಿಕಾಯಿ ತರುತ್ತಾ.

"ಏನಿಲ್ಲಕ್ಕ. ಬಿಸಿ ಇದೆಯಾ ಅಂತ ನೋಡ್ತಿದ್ದೆ."

"ಕೂತ್ಕೋ ಮತ್ತೆ. ಹೊಲಿಗೆ ನಾವೂ ನೋಡ್ಬೇಕಲ್ಲ."

ಹೇಳಿಬಿಡಲೇ? ಬಾಯಿ ಬಿಟ್ಟರೆ ಬಣ್ಣಗೇಡು. ನಾಳೆಯಿಂದ ಈ ಕಾಯಿ ಹಿರಿಸೊಸೆಯ ಪಾಲು. ತಾನು ಮತ್ತೆ ಗುಂಡಿ ಹಾಕುವವಳು. ಅಷ್ಟಾದರೆ ಪರವಾಗಿಲ್ಲ. ಅತ್ತೆ ಹದಿನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ನೋಡಬೇಕಲ್ಲ. ಒಂದು ವೇಳೆ ಸೂಜಿ ಮನೆಯಲ್ಲೇ ಬಿದ್ದಿದ್ದರೆ? ಹೀಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತ ಅವಳು ಕೂತಳು.

ಹುರುಳಿಕಾಯಿ ಒಂದು ಸುತ್ತು ಬಂತು. ಬೀಟ್‌ರೂಟು ಬಂದ ದಾರಿಗೆ ಸುಂಕವಿಲ್ಲದೆ ಹೋಯಿತು. ಎದುರಿಗೆ ಪಿಸುಮಾವ ಕೂತಿದ್ದರು. ಅವರು ಮಾತಾಡುವುದೆಲ್ಲ ಪಿಸುಗುಟ್ಟುವ ದನಿಯಲ್ಲೇ, ಅದಕ್ಕೇ ಆ ಹೆಸರು. ಒಂದು ಕಾಲಕ್ಕೆ ರೈಲು ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಕೂಗಿ ಹೇಳುತ್ತಿದ್ದವರಂತೆ. ಅವರ ದನಿ ಕೇಳುವುದಕ್ಕೇ ಜನ ಗಾಡಿ ತಪ್ಪಿಸಿಕೊಳ್ಳುತ್ತಿದ್ದರಂತೆ. ಇಪ್ಪತ್ತಾರು ವರ್ಷದ ಹಿಂದೆ, ಇದೇ ರಜೆಯ ಊಟದಲ್ಲಿ, ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಆಪರೇಷನ್ ಆಯಿತು. ದನಿ ಹೋಯಿತು. ಅಲ್ಲಿಂದಾಚೆ ಅದೇ ನಿಲ್ದಾಣದ ಸಾಮಾನು ಕೋಣೆಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತ ಕಾಲ ಕಳೆದರು. ಒಂದು ಮುಳ್ಳು ಇಷ್ಟು ಮಾಡಿತಲ್ಲ, ಸೂಜಿ ಇನ್ನೇನು ಮಾಡೀತು ಎಂದು ಅವಳು ಅವರ ಕುತ್ತಿಗೆಯ ಗಾಯದ ಗುರುತನ್ನೇ ನೋಡಿದಳು.

ಅತ್ತೆ ಎದ್ದು ಕಾಯಿ ಬಡಿಸತೊಡಗಿದರು. ಚಮಚ ಬಾಣಲೆಗೆ ತಾಗಿ ಗಲಗಲ ಅನ್ನುತ್ತಿತ್ತು. ಬಡಿಸಿ ಮುಗಿಸಿ ಕೂತರು, ತಾವು ಮುಟ್ಟಲಿಲ್ಲ. ಅದು ಅವರ ಪದ್ಧತಿ. ಪ್ರತಿ ವರ್ಷವೂ ಅಷ್ಟೆ, ಎಲ್ಲರೂ ತಿಂದು ಮುಗಿಸುವವರೆಗೆ ಅತ್ತೆ ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತ ಕೂರುವುದು. ಹೊಗಳಿಕೆಗೆ ಕಾಯ್ತಾರೆ ಅಂತ ಹಿರಿಸೊಸೆ ಹಿಂದಿನಿಂದ ಆಡಿಕೊಳ್ಳುತ್ತಿದ್ದಳು. ಕಿರಿಸೊಸೆಯೂ ಅದನ್ನೇ ನಂಬಿದ್ದಳು.

ಗುಳುಂ ಎರಡು ಬೆರಳಲ್ಲಿ ಗಂಟು ಹಿಡಿದು ನಾಲಿಗೆ ಕಚ್ಚಿಕೊಂಡು ಎಳೆದಳು. ದಾರ ಒಂದೇ ಎಳೆಯಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ಅಳತೆಯ ಮಾತು ಹೇಳಿ ನಕ್ಕ. ಮಗು ಹೆಮ್ಮೆಯಿಂದ ಟೋಪಿ ತೆಗೆದಿಟ್ಟು, ಆಲೂಗಡ್ಡೆಗೆ ಚಮಚ ಹೆಟ್ಟಿ, ಬಾಯಿ ದೊಡ್ಡದು ಮಾಡಿ ಒಳಗೆ ಹಾಕಿಕೊಂಡಳು.

"ನುಂಗ್ಬೇಡ!"

ಯಾರು ಕೂಗಿದ್ದೆಂದು ಕಿರಿಸೊಸೆಗೇ ಗೊತ್ತಾಗಲಿಲ್ಲ. ಅವಳ ಕುರ್ಚಿ ಹಿಂದಕ್ಕೆ ಬಿದ್ದಿತ್ತು. ಮೇಜು ಸುತ್ತಿ ಬಂದು ಮಗುವಿನ ದವಡೆ ಹಿಡಿದಿದ್ದಳು. "ಉಗುಳು ಕಂದ, ಉಗುಳು, ನನ್ನ ಕೈಯಲ್ಲೇ ಉಗುಳು." ಗುಳುಂ ಹೆದರಿ ಉಗುಳಿದಳು, ಆಮೇಲೆ ಗೊಳೋ ಎಂದು ಅತ್ತಳು. ಕಿರಿಸೊಸೆ ಅಂಗೈಯಲ್ಲಿದ್ದ ಬಿಸಿ ಮುದ್ದೆಯನ್ನು ಹೆಬ್ಬೆರಳಿನಿಂದ ಹಿಸುಕಿ ಹಿಸುಕಿ ನೋಡಿದಳು. ಅದರಲ್ಲಿ ಏನೂ ಇರಲಿಲ್ಲ.

"ಯಾರೂ ತಿನ್ಬೇಡಿ. ಒಂದ್ರೊಳಗೆ ಸೂಜಿ ಇದೆ. ನಾನೇ ಬಿಟ್ಟಿದ್ದು."

ಭಾವ ಬಾಯಲ್ಲಿದ್ದ ತುತ್ತನ್ನು ಮೆಲ್ಲನೆ ತಟ್ಟೆಯಂಚಿಗೆ ಉಗಿದ. ಆಮೇಲೆ ಯಾರೋ ಎದ್ದು ಚಾಕು ತಂದರು. ಕಟ್ಟಳೆ ಮುರಿಯಿತು. ಎಲ್ಲರೂ ತಲೆ ಬಗ್ಗಿಸಿ ಕಾಯಿ ಸೀಳಿ, ಆಲೂಗಡ್ಡೆಯನ್ನು ಚಮಚದಲ್ಲಿ ಕೆದಕತೊಡಗಿದರು. ಹತ್ತಾಯಿತು. ಹದಿನೈದಾಯಿತು. ಸಿಗದೇ ಹೋದರೆ ಯಾರೋ ಆಗಲೇ ನುಂಗಿದ್ದಾರೆ ಎಂದರ್ಥ ಎನ್ನುವುದು ಅವಳಿಗೆ ಆಗ ಹೊಳೆಯಿತು.

"ಇಲ್ಲಿದೆ," ಅಂದ ಭಾವ. ಅವನದೇ ತಟ್ಟೆಯ ಎರಡನೆಯ ಕಾಯಿ. ಎತ್ತಿ ಹಿಡಿದ ಸೂಜಿಯ ತುದಿಯಲ್ಲಿ ಬಟಾಣಿಯೊಂದು ಸಿಕ್ಕಿಕೊಂಡಿತ್ತು. ಅವನು ಬೆವರು ಒರೆಸಿಕೊಂಡು ಗಟಗಟ ನೀರು ಕುಡಿದ.

ಹಿರಿಸೊಸೆ ಮಗುವನ್ನು ಎತ್ತಿಕೊಂಡು ಅಲ್ಲಿಯವರೆಗೂ ತಡೆದಿದ್ದಳು. ಇನ್ನು ತಡೆಯಲಿಲ್ಲ. "ನನ್ನ ಮಗು ಹೋಗಿದ್ರೆ ಏನ್ ಮಾಡ್ತಿದ್ದೆ? ಗೊತ್ತಿದ್ದೂ ಬಡಿಸೋವರೆಗೆ ಬಾಯಿ ಮುಚ್ಕೊಂಡ್ ಕೂತಿದ್ದೆಯಲ್ಲೇ! ಅತ್ತೆ ಇಷ್ಟು ವರ್ಷ ಮಾಡಿದ್ರು, ಒಂದು ದಿನ ಹಿಂಗಾಗಿತ್ತಾ?"

ಕಿರಿಸೊಸೆ ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಹಿರಿಸೊಸೆ ಹೇಳಿದ್ದು ಅಷ್ಟೂ ನಿಜವಾಗಿತ್ತು.

"ಆಗಿತ್ತು," ಅಂದರು ಅತ್ತೆ.

ಎಲ್ಲರೂ ಆ ಕಡೆ ತಿರುಗಿದರು. ಅತ್ತೆ ಎರಡು ಕೈಯನ್ನೂ ಮಡಿಲಲ್ಲಿ ಅದುಮಿ ಹಿಡಿದಿದ್ದರು.

"ಅವಳನ್ನ ಬೈಬೇಡ. ಅವಳು ಹೇಳಿದ್ಲು, ನಾನು ಹೇಳ್ಲಿಲ್ಲ. ಅವತ್ತೂ ಡಬ್ಬೀಲಿ ಆರೇ ಇದ್ವು. ಊಟಕ್ಕೆ ಮೊದ್ಲೇ ಎಣಿಸಿದ್ದೆ. ಆಗ ತಾನೇ ಅಂಗಡಿ ಹಾಕಿದ್ದೆ. ಸೂಜಿ ಎಲ್ಲಿ ಬಿಟ್ಟೆ ಅಂತ ಗೊತ್ತಿಲ್ದೋಳ ಹತ್ರ ಯಾರು ಬಟ್ಟೆ ತರ್ತಾರೆ? ಹೆದರಿ ಸುಮ್ನಾದೆ. ಎಲ್ಲರ ಬಾಯಿ ನೋಡ್ತಾ ಕೂತೆ. ಆಮೇಲೆ ಇವನು ಕೆಮ್ಮಿದ." ಅವರು ಪಿಸುಮಾವನ ಕಡೆ ನೋಡಲಾರದೆ ತಟ್ಟೆ ನೋಡಿದರು. "ಅದು ಮೀನಿನ ಮುಳ್ಳಲ್ಲ. ನನ್ನ ಸೂಜಿ."

ಎಂಟು ವರ್ಷದಿಂದ ತಾನು ಹೆಮ್ಮೆ ಅಂದುಕೊಂಡಿದ್ದು ಹೆದರಿಕೆಯಾಗಿತ್ತು ಎಂದು ಕಿರಿಸೊಸೆಗೆ ಆಗ ತಿಳಿಯಿತು. ಈ ಒಂದು ಗಂಟೆಯಲ್ಲಿ ತಾನು ಪಟ್ಟದ್ದನ್ನು ಅತ್ತೆ ಇಪ್ಪತ್ತಾರು ಊಟಗಳಲ್ಲಿ ಪಟ್ಟಿದ್ದರು.

ಪಿಸುಮಾವ ಏನೋ ಅಂದರು. ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಮುಂದಕ್ಕೆ ಬಗ್ಗಿದರು.

"ಗೊತ್ತು ಅತ್ತಿಗೆ," ಅಂದರು ಅವರು ಮತ್ತೆ. "ಡಾಕ್ಟ್ರು ಬಟ್ಟಲಲ್ಲಿ ಹಾಕಿ ತೋರ್ಸಿದ್ರು. ಗೇಣುದ್ದ ಬಿಳಿ ದಾರ ಇತ್ತು. ದಾರ ಪೋಣಿಸ್ಕೊಂಡು ಓಡಾಡೋ ಮೀನು ಯಾವ ನೀರಲ್ಲಿದೆ?"

ಯಾರೂ ನಗಲಿಲ್ಲ. ಅತ್ತೆ ತಲೆಯೆತ್ತಿದರು. "ಮತ್ತೆ ಮುಳ್ಳು ಅಂತ ಯಾಕೋ ಹೇಳ್ದೆ?"

"ನೀವೇ ಹೇಳ್ತೀರಿ ಅಂತ. ಈ ವರ್ಷ ಹೇಳ್ತಾರೆ, ಈ ವರ್ಷ ಹೇಳ್ತಾರೆ ಅಂದ್ಕೊಂಡೇ ಬೀಟ್‌ರೂಟ್ ಹೊತ್ಕೊಂಡು ಬರ್ತಿದ್ದೆ."

ಅತ್ತೆ ಮುಖ ಮುಚ್ಚಿಕೊಂಡು ಅತ್ತರು. ದೊಡ್ಡವರು ಅಳುವಾಗ ಮಕ್ಕಳು ಸುಮ್ಮನಾಗುತ್ತಾರೆ. ಗುಳುಂ ಕೂಡ ಸುಮ್ಮನಾದಳು. ಕಿರಿಸೊಸೆ ಭಾವನ ಕೈಯಿಂದ ಸೂಜಿ ತೆಗೆದುಕೊಂಡು, ಒರೆಸಿ, ಡಬ್ಬಿಗೆ ಹಾಕಿ ಎಣಿಸಿದಳು. ಏಳಾಯಿತು.

ಅತ್ತೆಯ ತಟ್ಟೆಯ ಕಾಯಿಯನ್ನು ಯಾರೂ ಸೀಳಿರಲಿಲ್ಲ. ಪಿಸುಮಾವ ಎದ್ದು ಬಂದು ಗಂಟು ಹಿಡಿದು ಎಳೆದರು. ದಾರ ನಡುವೆ ತುಂಡಾಯಿತು. "ಪಾತ್ರೆ ನಂದೇ," ಎಂದು ಪಿಸುಗುಟ್ಟಿ, ಆಲೂಗಡ್ಡೆಯನ್ನು ಚಮಚದಲ್ಲಿ ಪೂರ್ತಿ ಕೆದಕಿ ನೋಡಿ, ಒಂದು ತುತ್ತು ಮಾಡಿ ಅವರ ಮುಂದೆ ಹಿಡಿದರು. "ತಿನ್ನಿ ಅತ್ತಿಗೆ. ಆರಿಹೋಗುತ್ತೆ."

ಅತ್ತೆ ಬಾಯಿ ತೆರೆದರು. ಏಳೂ ಸೂಜಿ ಡಬ್ಬಿಯಲ್ಲಿವೆ ಎಂದು ಗೊತ್ತಿದ್ದೂ, ಅವರು ನುಂಗುವವರೆಗೆ ಕಿರಿಸೊಸೆ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದಳು.