ಗೌರಮ್ಮನಿಗೆ ಹೇಳದೆ ಉಳಿದ ಸುದ್ದಿ

ಮನೆಗೆ ಕೆಟ್ಟ ಸುದ್ದಿ ಬಂದರೆ ನಾವು ಮೊದಲು ಯಾರಿಂದ ಮುಚ್ಚಿಡುತ್ತೇವೆ? ವಯಸ್ಸಾದವರಿಂದ. ಗುಜರಾತಿನ ಕೊಯಾಲಿಯ ರಿಫೈನರಿ ಕ್ವಾರ್ಟರ್ಸಿನಲ್ಲಿದ್ದ ಹಾವೇರಿಯ ಚಂದ್ರಶೇಖರ ಮಾಡಿದ್ದೂ ಅದನ್ನೇ. ಊರಲ್ಲಿ ಸೋದರಮಾವ ತೀರಿಕೊಂಡರೆಂದು ಆಫೀಸಿಗೆ ಟ್ರಂಕ್ ಕಾಲ್ ಬಂದಿತ್ತು. ತಾಯಿ ಗೌರಮ್ಮನಿಗೆ ಇದ್ದವನು ಆ ಒಬ್ಬನೇ ತಮ್ಮ. ಮಗ ಮಾತ್ರ ತುಟಿ ಬಿಚ್ಚಿರಲಿಲ್ಲ. ಇವತ್ತು ರೈಲು ಹತ್ತದಿದ್ದರೆ ತಮ್ಮನ ತಿಥಿಕಾರ್ಯ ಅವರಿಗೆ ತಪ್ಪಿಹೋಗುತ್ತಿತ್ತು.

ಪಕ್ಕದ ಮನೆಯ ಹೇಮಲತಾ ದವಾಖಾನೆಯ ನರ್ಸ್, ಅವಳೂ ಹಾವೇರಿ ಕಡೆಯವಳೇ. ಆಫೀಸಿನವರಿಂದ ಸುದ್ದಿ ಅವಳಿಗೂ ತಿಳಿದಿತ್ತು. ಚಂದ್ರಶೇಖರನನ್ನು ಅಂಗಳದಲ್ಲೇ ತಡೆದು ಕೇಳಿದಳು.

"ಅವ್ವಗ ಇನ್ನೂ ಹೇಳಿಲ್ಲೇನ್ರಿ?"

"ಹೆಂಗ ಹೇಳ್ಲಿ? ವಯಸ್ಸಾದವರಂದ್ರ ಸಣ್ಣ ಮಕ್ಕಳಿದ್ದಂಗ. ತಡಕೊಳ್ಳಂಗಿಲ್ಲ."

ಅಷ್ಟರಲ್ಲಿ ಅವನ ಪುಟ್ಟ ಮಗಳು ಊರ್ಮಿಳಾ ಗಾಳಿಪಟ ಹರಿಯಿತೆಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಚಂದ್ರಶೇಖರ ಕೈ ಎತ್ತಿಯೇಬಿಟ್ಟ. ಗೌರಮ್ಮ ಒಳಗಿಂದ ಬಂದು ಮಗುವನ್ನು ಮಡಿಲಿಗೆ ಎಳೆದುಕೊಂಡರು. ಬೈಯಲಿಲ್ಲ, ಪುಸಲಾಯಿಸಲೂ ಇಲ್ಲ.

"ಹರೀತಲ್ಲ, ಸಿಟ್ಟು ಬರೂದ ಮತ್ತ" ಎಂದು ಬೆನ್ನು ಸವರುತ್ತ ಕೂತರು. ಅಳು ತಾನಾಗಿ ಇಳಿಯಿತು.

ಹೇಮಲತಾ ದನಿ ತಗ್ಗಿಸಿದಳು. "ನೋಡಿದ್ರಿಲ್ಲ? ಮನಸ್ಸು ಹಿಡಿಯೂದು ಆ ಕೂಸಿಗೆ ಇನ್ನೂ ಬರಂಗಿಲ್ಲ. ಹೊಡದ್ರ ಕಲಿಯಂಗೂ ಇಲ್ಲ. ನಿಮಗ ಅರ್ಧ ಬರತೈತಿ. ಅವ್ವಗ ಪೂರಾ ಬರತೈತಿ. ವಯಸ್ಸಾದಂಗ ಮೈ ಸೊರಗತೈತಿ ಖರೆ, ಮನಸ್ಸು ಭಾಳ ಮಂದಿಗೆ ಗಟ್ಟಿ ಆಗತೈತ್ರಿ. ನಾನೂ ಬಾಜೂಕ ಕುಂದರತೀನಿ, ನಡೀರಿ."

ಚಂದ್ರಶೇಖರ ತಾಯಿಯ ಎದುರು ಕೂತ. "ಅವ್ವಾ, ಮಾವ..." ಎಂದವನೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಗೌರಮ್ಮನಿಗೆ ಅರ್ಥವಾಯಿತು. ಸೆರಗು ಬಾಯಿಗೆ ಹಿಡಿದು ಅವರೂ ಅತ್ತರು. ಬಹಳ ಹೊತ್ತಿನ ಮೇಲೆ ಮುಖ ತೊಳೆದು ಬಂದು ಮಗನ ತಲೆಯ ಮೇಲೆ ಕೈಯಿಟ್ಟರು.

"ನಿನ್ನ ಸಾಲಿಗೆ ಹಚ್ಚಿದಾಂವ ಅವನ. ಇಷ್ಟು ದೊಡ್ಡ ಸುದ್ದಿ ಒಬ್ಬನ ಹೊತಗೊಂಡು ತಿರಗ್ಯಾಡಿದೆಲ್ಲೋ. ಗಾಡಿ ಎಷ್ಟೊತ್ತಿಗೆ?"

ತಾನು ಕಾಪಾಡಬೇಕೆಂದುಕೊಂಡಿದ್ದ ಜೀವವೇ ತನ್ನನ್ನು ಸಂತೈಸುತ್ತಿತ್ತು. ಚಂದ್ರಶೇಖರನಿಗೆ ತಾಯಿಯ ಮೇಲೆ ಅಭಿಮಾನ ಉಕ್ಕಿ ಬಂತು. ಊರ್ಮಿಳಾಳನ್ನು ಅವಳ ತಾಯಿಯ ಬಳಿ ಬಿಟ್ಟು ಸಂಜೆಯೇ ಇಬ್ಬರೂ ವಡೋದರಾದಲ್ಲಿ ರೈಲು ಹತ್ತಿದರು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಮನೆಯ ಹಿರಿಯರಿಂದ ಏನಾದರೂ ಮುಚ್ಚಿಟ್ಟಿದ್ದೀರಾ? ಪಕ್ಕದಲ್ಲಿ ಕೂತು, ಕೈ ಹಿಡಿದು, ನಿಧಾನವಾಗಿ ಹೇಳಿ. ರಂಪ ಮಾಡುವ ಮಗುವಿಗೆ ಹೊಡೆಯಬೇಡಿ, ಮನಸ್ಸು ಹಿಡಿಯುವುದನ್ನು ಕಲಿಯಲು ಅದಕ್ಕೆ ಇನ್ನೂ ವರ್ಷಗಳು ಬೇಕು. ಅದನ್ನು ಕಲಿತ ಹಿರಿಯರು ನಿಮ್ಮ ಮನೆಯಲ್ಲೇ ಇದ್ದಾರೆ. ಅವರ ಪಾಲಿನ ದುಃಖ ಅವರದು, ಅದನ್ನು ಅವರಿಂದ ಕಸಿದುಕೊಳ್ಳಬೇಡಿ.